ಹಾಯಿದೋಣಿಯ ಇಂಜಿನ್ ಕೈಗೆಟುಕುವಂತೆ ಮಾಡುವುದು ಹೇಗೆ?

ಹಾಯಿದೋಣಿಯ ಇಂಜಿನ್ ನಿಂತುಹೋಗುವುದು ಬಹಳ ಸಲ ಸಣ್ಣ ಕಾರಣಕ್ಕೆ. ಡೀಸೆಲ್‌ನಲ್ಲಿ ಕಸ ಸೇರಿರುತ್ತದೆ. ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಹರಿದಿರುತ್ತದೆ. ಬೆಲ್ಟು ಸಡಿಲವಾಗಿರುತ್ತದೆ, ಇಲ್ಲವೇ ಯಾವುದೋ ಹೋಸ್ ಕ್ಲಾಂಪು ತುಕ್ಕು ತಿಂದಿರುತ್ತದೆ. ಇವೆಲ್ಲ ಮೊದಲೇ ಕಣ್ಣಿಗೆ ಬೀಳುವಂಥವು. ಆದರೆ ಕಣ್ಣು ಹಾಯಿಸಲು ಜಾಗ ಬೇಕಲ್ವಾ? ಏಣಿ ತೆಗೆದು, ಸ್ಕ್ರೂ ಬಿಚ್ಚಿ, ಹಾಸಿಗೆ ಎತ್ತಿ, ಬೋರಲು ಮಲಗಿ ಕೈ ತೂರಿಸಿದರೆ ಮಾತ್ರ ಸಿಗುವ ಭಾಗವನ್ನು ಯಾರೂ ಪ್ರತಿ ಸಲ ನೋಡುವುದಿಲ್ಲ. ಹಾಗೆ ನೋಡದೇ ಬಿಟ್ಟ ಭಾಗವೇ ಸಮುದ್ರದ ಮಧ್ಯೆ ಕೈಕೊಡುತ್ತದೆ. ಅದಕ್ಕೇ ಹೇಳುತ್ತೇನೆ, ಇಂಜಿನ್‌ಗೆ ಹೊಸ ಬಿಡಿಭಾಗ ಕೊಳ್ಳುವ ಮೊದಲು ಅದರ ಹತ್ತಿರ ಹೋಗಲು ದಾರಿ ಮಾಡಿಕೊಳ್ಳಿ.

ಈ ಲೇಖನಕ್ಕೆ 28ರಿಂದ 32 ಅಡಿ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಯಾನ್ಮಾರ್ 2ಜಿಎಂ20ಎಫ್ ಇಂಜಿನ್ ಇದೆ ಅಂದುಕೊಳ್ಳಿ. ಎರಡು ಸಿಲಿಂಡರ್, 636 ಸಿಸಿ, 3600 ಆರ್‌ಪಿಎಂನಲ್ಲಿ 18 ಅಶ್ವಶಕ್ತಿ. 1980-90ರ ದಶಕದ ಎಷ್ಟೋ ದೋಣಿಗಳಲ್ಲಿ ಈ ಇಂಜಿನ್ ಇಂದಿಗೂ ಓಡುತ್ತಿದೆ. ವೋಲ್ವೋ, ಬೀಟಾ, ಬುಕ್ ಇಂಜಿನ್‌ಗಳಿಗೂ ಇಲ್ಲಿನ ಮಾತು ಹೆಚ್ಚುಕಡಿಮೆ ಹೊಂದುತ್ತದೆ. ಇಂಥ ದೋಣಿಯಲ್ಲಿ ಇಂಜಿನ್ ಕೂರುವುದು ಕ್ಯಾಬಿನ್‌ಗೆ ಇಳಿಯುವ ಮೆಟ್ಟಿಲಿನ ಹಿಂದೆ. ಗೇರ್‌ಬಾಕ್ಸು ಮತ್ತು ಪ್ರೊಪೆಲ್ಲರ್ ಶಾಫ್ಟು ಅದರ ಹಿಂದೆ, ಕಾಕ್‌ಪಿಟ್ (ದೋಣಿ ನಡೆಸುವವರು ಕೂರುವ ತೆರೆದ ಜಾಗ) ನೆಲದ ಕೆಳಗೆ. ಒಂದು ಪಕ್ಕದಲ್ಲಿ ಅಡುಗೆಕಟ್ಟೆಯ ಕಪಾಟು, ಇನ್ನೊಂದು ಪಕ್ಕದಲ್ಲಿ ಮಲಗುವ ಗೂಡು. ಮಲ್ಪೆಯ ಆಳಸಮುದ್ರ ಟ್ರಾಲರ್‌ಗಳಲ್ಲಿ ಇಂಜಿನ್ ಕೋಣೆಗೆ ಮನುಷ್ಯ ಇಳಿದು ಕೆಲಸ ಮಾಡಬಹುದು. ಹಾಯಿದೋಣಿಯಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ಒಳಗೆ ಹೋಗುವುದು ಕೈ ಮಾತ್ರ. ಹಾಗಾಗಿ ಪ್ರತಿ ತೀರ್ಮಾನವನ್ನೂ ಕೈಯ ಅಳತೆಯಲ್ಲೇ ಮಾಡಬೇಕು.

1. ಮೊದಲು ಮುಟ್ಟಿ ನೋಡಿ

ಗರಗಸ ಹಿಡಿಯುವ ಮುಂಚೆ ಅರ್ಧ ದಿನ ಇದಕ್ಕೆ ಕೊಡಿ. ಇಂಜಿನ್ ತಣ್ಣಗಿರಲಿ, ಬ್ಯಾಟರಿಯ ಮುಖ್ಯ ಸ್ವಿಚ್ ಆಫ್ ಆಗಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಒಂದು ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ: ಆಯಿಲ್ ಡಿಪ್‌ಸ್ಟಿಕ್, ಆಯಿಲ್ ಫಿಲ್ಟರ್, ಕೂಲಂಟ್ ಮುಚ್ಚಳ, ಬೆಲ್ಟು, ಸಮುದ್ರದ ನೀರಿನ ಪಂಪು, ನೀರು ಸೋಸುವ ಸ್ಟ್ರೈನರ್, ಸೀಕಾಕ್, ಎರಡು ಡೀಸೆಲ್ ಫಿಲ್ಟರ್, ಡೀಸೆಲ್ ಪೈಪಿನಿಂದ ಗಾಳಿ ತೆಗೆಯುವ ಸ್ಕ್ರೂಗಳು, ಗೇರ್‌ಬಾಕ್ಸಿನ ಡಿಪ್‌ಸ್ಟಿಕ್, ಶಾಫ್ಟಿನ ಸೀಲು, ಎಗ್ಸಾಸ್ಟ್ ಎಲ್ಬೋ, ಇಂಜಿನ್ ಕಾಲುಗಳು. ಸೀಕಾಕ್ ಅಂದರೆ ಸಮುದ್ರದ ನೀರು ಒಳಗೆ ಬರುವ ಕಡೆ ದೋಣಿಯ ತಳದಲ್ಲೇ ಇರುವ ವಾಲ್ವು. ಶಾಫ್ಟಿನ ಸೀಲು ಅಂದರೆ ಶಾಫ್ಟು ದೋಣಿಯಿಂದ ಹೊರಬೀಳುವ ಕಡೆ ನೀರು ಒಳಬಾರದಂತೆ ತಡೆಯುವ ಭಾಗ. ಎಗ್ಸಾಸ್ಟ್ ಎಲ್ಬೋ ಅಂದರೆ ಇಂಜಿನ್ನಿನ ಹೊಗೆ ಹೊರಹೋಗುವ ಬಾಗಿದ ಕೊಳವೆ.

ಈಗ ಒಂದೊಂದನ್ನೂ ಕೈಯಿಂದ ಮುಟ್ಟಿ. ಮುಟ್ಟಲು ಏನೇನು ಬಿಚ್ಚಬೇಕಾಯಿತು, ಎಷ್ಟು ಹೊತ್ತಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಆಮೇಲೆ ಪಾನಾ ಹಿಡಿದು ಇನ್ನೊಂದು ಸುತ್ತು ಮಾಡಿ. ಮುಟ್ಟುವುದು ಬೇರೆ, ಪಾನಾ ತಿರುಗಿಸುವುದು ಬೇರೆ. 12 ಮೂಲೆಯ ರಿಂಗ್ ಪಾನಾಗೂ ಸುಮಾರು 30 ಡಿಗ್ರಿ ತಿರುಗುವಷ್ಟು ಜಾಗ ಬೇಕು. ಎಲ್ಲಿ ಬೆರಳು ಹೋಗುತ್ತದೆ, ಪಾನಾ ಹೋಗುವುದಿಲ್ಲ ಅನ್ನುವುದು ಈಗಲೇ ಗೊತ್ತಾಗಲಿ.

ಪಟ್ಟಿ ಮುಗಿದ ಮೇಲೆ ಅದನ್ನು ಎರಡು ಭಾಗ ಮಾಡಿ. ಸಮುದ್ರದಲ್ಲಿ, ಅಲೆಯ ನಡುವೆ ಮಾಡಬೇಕಾಗಿ ಬರುವ ಕೆಲಸ ಒಂದು ಕಡೆ: ಸೀಕಾಕ್ ಮುಚ್ಚುವುದು, ಸ್ಟ್ರೈನರ್ ತೊಳೆಯುವುದು, ಇಂಪೆಲ್ಲರ್ ಮತ್ತು ಡೀಸೆಲ್ ಫಿಲ್ಟರ್ ಬದಲಿಸುವುದು, ಗಾಳಿ ತೆಗೆಯುವುದು, ಬೆಲ್ಟು ಹಾಕುವುದು, ಶಾಫ್ಟಿನ ಸೀಲು ನೋಡುವುದು. ದಡದಲ್ಲಿ ಆರಾಮಾಗಿ ಮಾಡಬಹುದಾದದ್ದು ಇನ್ನೊಂದು ಕಡೆ. ಮೊದಲ ಗುಂಪಿನ ಯಾವ ಕೆಲಸಕ್ಕೂ ಸ್ಕ್ರೂ ಡ್ರೈವರ್ ಹಿಡಿದು ಹಲಗೆ ಬಿಚ್ಚುವಂತಿರಬಾರದು. ನಿಮ್ಮ ದುಡ್ಡು, ಸಮಯ ಎರಡೂ ಮೊದಲು ಅಲ್ಲಿಗೆ ಹೋಗಲಿ.

2. ಮೆಟ್ಟಿಲು

ಎಲ್ಲಕ್ಕಿಂತ ಸುಲಭವಾಗಿ ಫಲ ಕೊಡುವ ಕೆಲಸ ಇದು. ಹಳೆಯ ದೋಣಿಗಳಲ್ಲಿ ಮೆಟ್ಟಿಲು ಮತ್ತು ಇಂಜಿನ್ ಮುಚ್ಚುವ ಪೆಟ್ಟಿಗೆ ಒಂದೇ ಆಗಿದ್ದು, ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಎತ್ತಲು ಭಾರ, ಎತ್ತಿದ ಮೇಲೆ ಇಡಲು ಜಾಗ ಇಲ್ಲ. ಸ್ಕ್ರೂ ತೆಗೆದು ಮೇಲ್ತುದಿಗೆ ಸ್ಟೇನ್‌ಲೆಸ್ ಸ್ಟೀಲಿನ ಹಿಂಜು ಹಾಕಿ, ಗ್ಯಾಸ್ ಸ್ಟ್ರಟ್ ಕೊಟ್ಟರೆ ಒಂದು ಕೈಯಲ್ಲಿ ಎತ್ತಿ ನಿಲ್ಲಿಸಬಹುದು. ಮೇಲೆ ಎತ್ತಲು ಎತ್ತರ ಸಾಲದಿದ್ದರೆ ಪಕ್ಕಕ್ಕೆ ತೆರೆಯುವ ಬಾಗಿಲು ಮಾಡಿ, ಅಥವಾ ಮೆಟ್ಟಿಲನ್ನೂ ಹಿಂದಿನ ಹಲಗೆಯನ್ನೂ ಬೇರೆ ಬೇರೆ ಮಾಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಬೀಗ ಗಟ್ಟಿಯಾಗಿರಬೇಕು. ದೋಣಿ ಜೋರಾಗಿ ವಾಲಿದಾಗ ಮೆಟ್ಟಿಲು ತಾನಾಗಿ ತೆರೆದುಕೊಳ್ಳಬಾರದು, ಅದರ ಮೇಲೆ ಕಾಲಿಟ್ಟವರ ಭಾರ ಹಿಂಜಿನ ಮೇಲೆ ಬೀಳಬಾರದು. ಭಾರ ಹೊರಲು ಕೆಳಗೆ ಮರದ ಆಧಾರ ಕೊಡಿ, ಎರಡೂ ಬದಿಗೆ ಕಾಲು ಸುತ್ತು ತಿರುಗಿಸಿದರೆ ಬಿಗಿಯುವ ಲ್ಯಾಚು ಹಾಕಿ. ಮೆಟ್ಟಿಲು ತೆಗೆದಿಟ್ಟಾಗ ಮೇಲಿನಿಂದ ಇಳಿಯುವವರಿಗೆ ಹಿಡಿಯಲು ಒಂದು ಹಿಡಿಕೆಯನ್ನೂ ಗೋಡೆಗೆ ಹಾಕಿ. ಓಡುತ್ತಿರುವ ಬೆಲ್ಟಿನ ಮುಂದೆ ಕಾಲು ಜಾರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

3. ಪಕ್ಕದ ಗೋಡೆಗಳಲ್ಲಿ ಬಾಗಿಲು

ಇಂಜಿನ್ನಿನ ಮುಂಭಾಗ ಸಿಕ್ಕ ಮೇಲೂ ಪಕ್ಕಗಳು ಕತ್ತಲಲ್ಲೇ ಉಳಿಯುತ್ತವೆ. ಕಪಾಟಿನ ಒಳಗೋಡೆ, ಮಲಗುವ ಗೂಡಿನ ಗೋಡೆ, ಇವೆರಡರಲ್ಲೂ ಬಾಗಿಲು ಕತ್ತರಿಸಬಹುದು. ಆದರೆ ಯಾವ ಗೋಡೆ ಬರೀ ಮರೆ, ಯಾವುದು ದೋಣಿಯ ಭಾರ ಹೊತ್ತಿದೆ ಅಂತ ಮೊದಲು ತಿಳಿಯಬೇಕು. ಸ್ಕ್ರೂಗಳಿಂದ ಮರದ ಪಟ್ಟಿಗೆ ಕೂರಿಸಿದ ತೆಳು ಪ್ಲೈವುಡ್ ಹೆಚ್ಚಾಗಿ ಮರೆ. ದೋಣಿಯ ಒಡಲಿಗೆ ಫೈಬರ್‌ಗ್ಲಾಸ್ ಪಟ್ಟಿಗಳಿಂದ ಅಂಟಿಸಿದ ದಪ್ಪ ಗೋಡೆ ಭಾರ ಹೊತ್ತಿರುತ್ತದೆ. ಇಂಜಿನ್ ಕೂತಿರುವ ಉದ್ದನೆಯ ದಿಮ್ಮಿಗಳಿಗೂ ಅವಕ್ಕೆ ಸೇರಿದ ಅಡ್ಡಗೋಡೆಗೂ ಗರಗಸ ತಾಕಿಸಲೇಬಾರದು. ಅನುಮಾನ ಇದ್ದರೆ ಮರೈನ್ ಸರ್ವೇಯರ್ ಒಬ್ಬರಿಗೆ ತೋರಿಸಿ. ಆ ಖರ್ಚು ದಂಡ ಅಲ್ಲ.

ಕತ್ತರಿಸುವ ಕ್ರಮ ಹೀಗಿರಲಿ. ಮೊದಲು ರಟ್ಟಿನಲ್ಲಿ ಬಾಗಿಲಿನ ಅಳತೆ ಕತ್ತರಿಸಿ ಗೋಡೆಗೆ ಅಂಟಿಸಿ. ಆ ಜಾಗದಿಂದ ಕೈ ಒಳಗೆ ಹೋದರೆ ಏನು ಸಿಗಬೇಕು ಅಂತ ಯೋಚಿಸಿ. ಬರೀ ಒಂದು ಕೈಗೆ 200 ಮಿ.ಮೀ. ಸಾಕು. ಕೈಯೂ ಹೋಗಬೇಕು, ಮಾಡುತ್ತಿರುವುದು ಕಾಣಲೂ ಬೇಕು ಅಂದರೆ 300 ಮಿ.ಮೀ.ಗಿಂತ ಕಡಿಮೆ ಇಟ್ಟರೆ ಆಮೇಲೆ ಬೇಸರವಾಗುತ್ತದೆ. ನಡುವೆ 6 ಮಿ.ಮೀ. ತೂತು ಕೊರೆದು, ಫೋನಿಗೆ ಸಿಕ್ಕಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ತೂರಿಸಿ ನೋಡಿ. ಹಿಂದೆ ವೈರಿದೆಯೇ, ಡೀಸೆಲ್ ಪೈಪಿದೆಯೇ, ಟ್ಯಾಂಕಿನ ಮೈ ಇದೆಯೇ? ಎಲ್ಲ ಸರಿಯಿದ್ದರೆ ನಾಲ್ಕು ಮೂಲೆಗೂ ಹೋಲ್ ಸಾದಿಂದ ದುಂಡು ತೂತು ಹಾಕಿ, ಆಮೇಲೆ ನೇರ ಗೆರೆ ಕತ್ತರಿಸಿ. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಮುಚ್ಚಳಕ್ಕೆ ಮರೈನ್ ಪ್ಲೈವುಡ್ಡೇ ಬೇಕು. ಭಾರತದಲ್ಲಿ ಐಎಸ್ 710 ಗುರುತು, ಹೊರದೇಶದಲ್ಲಿ ಬಿಎಸ್ 1088 ಗುರುತು ನೋಡಿ ಕೊಳ್ಳಿ. 12 ಮಿ.ಮೀ. ದಪ್ಪ ಸಾಕು. ತೆರೆದ ಜಾಗಕ್ಕಿಂತ ಸುತ್ತ 25 ಮಿ.ಮೀ. ದೊಡ್ಡದಿರಲಿ. ಕತ್ತರಿಸಿದ ಅಂಚಿಗೆ ಎರಡು ಮೂರು ಸಲ ಎಪಾಕ್ಸಿ ಕುಡಿಸಿ. ಬಿಟ್ಟರೆ ಪ್ಲೈವುಡ್ ಪದರ ಬಿಡುತ್ತದೆ. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಹಾಕುವುದು ಸದ್ದು ತಡೆಯಲಷ್ಟೇ ಅಲ್ಲ. ಗೂಡಿನಲ್ಲಿ ಜನ ಮಲಗುತ್ತಾರೆ. ಎಗ್ಸಾಸ್ಟ್ ಎಲ್ಲಾದರೂ ಸೋರಿದರೆ ಹೊಗೆ ನೇರವಾಗಿ ಅಲ್ಲಿಗೆ ಬರುತ್ತದೆ. ಆ ಗೂಡಿನ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲೇಬೇಕು.

4. ಹಿಂಭಾಗ

ಗೇರ್‌ಬಾಕ್ಸು, ಶಾಫ್ಟಿನ ಸೀಲು, ಎಗ್ಸಾಸ್ಟ್ ಎಲ್ಬೋ ಇರುವ ಈ ಜಾಗವನ್ನೇ ಜನ ಜಾಸ್ತಿ ಮರೆಯುತ್ತಾರೆ. ಕಾಕ್‌ಪಿಟ್ಟಿನ ಪಕ್ಕದ ಲಾಕರ್ ಒಳಗಿನ ಗೋಡೆಯಲ್ಲಿ ಬಿಚ್ಚುವ ಹಲಗೆ ಇದ್ದರೆ ಅದನ್ನೇ ಲ್ಯಾಚಿನ ಬಾಗಿಲು ಮಾಡಿ. ಲಾಕರ್‌ನಲ್ಲಿ ತುಂಬಿದ ಹಗ್ಗ, ಫೆಂಡರ್‌ಗಳು (ದೋಣಿಯ ಬದಿ ಉಜ್ಜದಂತೆ ತೂಗುಹಾಕುವ ಮೆತ್ತೆಗಳು) ಶಾಫ್ಟಿನ ಮೇಲೆ ಬೀಳದಂತೆ ಗಟ್ಟಿ ತಡೆ ಬೇಕೇ ಬೇಕು.

ಕಾಕ್‌ಪಿಟ್ ನೆಲದಲ್ಲೇ ದೊಡ್ಡ ಮುಚ್ಚಳ ಮಾಡಿದರೆ ಇಂಜಿನ್ ಪೂರ್ತಿ ಮೇಲಿಂದ ಸಿಗುತ್ತದೆ, ಹೊರಗೆ ಎತ್ತಲೂ ಬರುತ್ತದೆ. ಆಸೆ ಆಗುವಂಥ ಉಪಾಯವೇ. ಆದರೂ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಆ ನೆಲದ ನಡುವೆ ಎಷ್ಟೋ ದೋಣಿಗಳಲ್ಲಿ ಬಾಲ್ಸಾ ಮರದ ತುಂಡುಗಳಿರುತ್ತವೆ. ಅಂಚು ಮುಚ್ಚದೇ ಬಿಟ್ಟರೆ ನೀರು ಇಳಿದು ನೆಲವೇ ಕೊಳೆಯುತ್ತದೆ. ಹಿಂದಿನಿಂದ ದೊಡ್ಡ ಅಲೆ ಬಂದು ಕಾಕ್‌ಪಿಟ್ ತುಂಬಿದಾಗ ಆ ಮುಚ್ಚಳವೇ ದೋಣಿಯನ್ನು ಕಾಯಬೇಕು. ಮಾಡುವುದಾದರೆ ಗ್ಯಾಸ್ಕೆಟ್ ಇರುವ, ಬೋಲ್ಟಿನಿಂದ ಬಿಗಿಯುವ, ನೀರು ತಡೆಯುವ ಹ್ಯಾಚನ್ನೇ ಹಾಕಿಸಿ. ಅದೂ ಅನುಭವ ಇರುವ ದೋಣಿ ಕೆಲಸಗಾರರಿಂದ.

5. ಕೈ ಹೋಗದಿದ್ದರೆ ಭಾಗವನ್ನೇ ಕೈಯ ಬಳಿ ತನ್ನಿ

ಎಷ್ಟು ಬಾಗಿಲು ಕತ್ತರಿಸಿದರೂ ಕೆಲವು ಮೂಲೆ ಸಿಗುವುದಿಲ್ಲ. ಆಗ ಭಾಗವನ್ನೇ ಬೇರೆ ಕಡೆ ಕೂರಿಸಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಲಾಭ ಇರುವುದು ಇಲ್ಲೇ.

ಮೊದಲನೆಯದು ಡೀಸೆಲ್‌ನ ಮೊದಲ ಫಿಲ್ಟರ್. ಟ್ಯಾಂಕಿನಿಂದ ಬರುವ ನೀರು ಮತ್ತು ಕಸವನ್ನು ಹಿಡಿಯುವುದು ಇದೇ. ಇದನ್ನು ಇಂಜಿನ್ ಹಿಂದೆ ಬಚ್ಚಿಡದೆ, ಕಪಾಟಿನ ಬಾಗಿಲು ತೆರೆದ ಕೂಡಲೇ ಕಾಣುವ ಗೋಡೆಗೆ ಹಾಕಿ. ರೇಕರ್ 500 ಬಗೆಯದಾದರೆ ಫಿಲ್ಟರ್ ಮೇಲಿನಿಂದ ಎತ್ತಿ ತೆಗೆಯುವಂಥದ್ದು. ಹಾಗಾಗಿ ಮೇಲೆ ಜಾಗ ಬಿಡಿ. ಕೆಳಗೆ ನೀರು ಬಸಿಯಲು ಒಂದು ಬಟ್ಟಲು ಹಿಡಿಯುವಷ್ಟು ಜಾಗ ಬಿಡಿ. ಅದರ ಫಿಲ್ಟರ್‌ಗಳಿಗೆ ಬಣ್ಣದ ಗುರುತಿದೆ: ಕೆಂಪು 30 ಮೈಕ್ರಾನ್, ನೀಲಿ 10, ಕಂದು 2. ಮೊದಲ ಫಿಲ್ಟರ್‌ಗೆ 10 ಅಥವಾ 30 ಸಾಕು. ಅತಿ ಸಣ್ಣ ಕಸ ಹಿಡಿಯುವ ಕೆಲಸ ಇಂಜಿನ್ ಮೇಲಿನ ಎರಡನೇ ಫಿಲ್ಟರ್‌ದು. ಪೈಪು ಉದ್ದ ಮಾಡುವಾಗ ಬೆಂಕಿ ತಡೆಯುವ ಐಎಸ್‌ಓ 7840 ಗುರುತಿನ ಹೋಸನ್ನೇ ಬಳಸಿ. ಗೋವಾ, ಕೊಚ್ಚಿಯಂಥ ಸೆಕೆಯ ಕಡೆ ದೋಣಿ ನಿಲ್ಲಿಸುವವರು ಫಿಲ್ಟರಿನ ಪಾರದರ್ಶಕ ಬಟ್ಟಲನ್ನು ಪದೇ ಪದೇ ನೋಡಬೇಕು. ಟ್ಯಾಂಕಿನ ತಳದಲ್ಲಿ ನೀರು ನಿಂತರೆ ನೀರೂ ಡೀಸೆಲ್ಲೂ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗುತ್ತದೆ. ಬಿಸಿ ಹವೆಯಲ್ಲಿ ಇದು ಬೇಗ ಬೆಳೆಯುತ್ತದೆ.

ಎರಡನೆಯದು ಸಮುದ್ರದ ನೀರಿನ ಸ್ಟ್ರೈನರ್. ಪಾರದರ್ಶಕ ಬಟ್ಟಲಿನದು ಕೊಳ್ಳಿ. ಅದರ ಮುಚ್ಚಳ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದ್ದರೆ, ಸೀಕಾಕ್ ಮುಚ್ಚಲು ಮರೆತು ಬಿಚ್ಚಿದರೂ ದೋಣಿಗೆ ನೀರು ನುಗ್ಗುವುದಿಲ್ಲ. ಸೀಕಾಕನ್ನು ಮಾತ್ರ ಜಾಗ ಬದಲಿಸಲು ಹೋಗಬೇಡಿ. ಅದರ ಹಿಡಿಕೆಗೆ ಕೈ ತಲುಪುವ ದಾರಿ ಮಾಡಿ, ತಿಂಗಳಿಗೊಮ್ಮೆ ತೆರೆದು ಮುಚ್ಚಿ. ತಿರುಗಿಸದೇ ಬಿಟ್ಟ ಸೀಕಾಕ್ ಬೇಕಾದಾಗ ಅಲ್ಲಾಡುವುದಿಲ್ಲ.

ಆಯಿಲ್ ಫಿಲ್ಟರನ್ನೂ ಹೋಸ್ ಹಾಕಿ ದೂರ ಕೂರಿಸುವ ಕಿಟ್‌ಗಳು ಸಿಗುತ್ತವೆ. ಅದು ನನಗೆ ಇಷ್ಟವಿಲ್ಲ. ಒತ್ತಡದಲ್ಲಿರುವ ಆಯಿಲ್‌ಗೆ ಎರಡು ಹೋಸು, ನಾಲ್ಕು ಜೋಡಣೆ ಸುಮ್ನೆ ಹೆಚ್ಚಾಗುತ್ತವೆ. ಒಂದು ಬಿಟ್ಟುಕೊಂಡರೂ ಇಂಜಿನ್ ನಿಮಿಷಗಳಲ್ಲಿ ಹಾಳು. ಫಿಲ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ತಿರುಗಿಸಿದರೆ ಸೋರುವ ಆಯಿಲ್ ಚೀಲದಲ್ಲೇ ಉಳಿಯುತ್ತದೆ. ಹಳೆ ಆಯಿಲ್ ತೆಗೆಯಲು ಕೆಳಗಿನ ಬೋಲ್ಟು ಹುಡುಕಬೇಡಿ. ಇಂಜಿನ್ ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ನಿಲ್ಲಿಸಿ, ಡಿಪ್‌ಸ್ಟಿಕ್ ತೂತಿನಿಂದ ತೆಳು ನಳಿಕೆ ಇಳಿಸಿ ವ್ಯಾಕ್ಯೂಮ್ ಪಂಪಿನಿಂದ ಎಳೆಯಿರಿ. ಈ ಇಂಜಿನ್‌ನಲ್ಲಿ ಸುಮಾರು 2 ಲೀಟರ್ ಬರುತ್ತದೆ. ತೀರಾ ಕಡಿಮೆ ಬಂದರೆ ನಳಿಕೆ ತಳ ಮುಟ್ಟಿಲ್ಲ ಅಂತ ಅರ್ಥ.

6. ಇಂಪೆಲ್ಲರ್ ಬದಲಿಸುವುದು

ಪಂಪಿನ ಮುಚ್ಚಳ ಇಂಜಿನ್ ಕಡೆಗೆ ಮುಖ ಮಾಡಿದ್ದರೆ ಪುಟ್ಟ ಸ್ಕ್ರೂಗಳನ್ನು ಕನ್ನಡಿ ಹಿಡಿದು ಬಿಚ್ಚಬೇಕಾಗುತ್ತದೆ. ಒಂದು ಸ್ಕ್ರೂ ತಳಕ್ಕೆ ಬಿದ್ದರೆ ಮುಗಿಯಿತು. ಅಂಥ ಕಡೆ ಬೆಲ್ಟು ಸಡಿಲಿಸಿ ಪಂಪನ್ನೇ ಅದರ ಬ್ರಾಕೆಟ್ಟಿನಿಂದ ಬಿಚ್ಚಿ ಬೆಳಕಿಗೆ ತರುವುದು ಒಳ್ಳೆಯದು. ಹೋಸುಗಳು ಸ್ವಲ್ಪ ಉದ್ದ, ಮೆತ್ತಗೆ ಇದ್ದರೆ ಪೂರ್ತಿ ಕಳಚದೆಯೂ ತಿರುಗಿಸಬಹುದು. ಬೆರಳಲ್ಲೇ ತಿರುಗಿಸುವ ದೊಡ್ಡ ಸ್ಕ್ರೂಗಳಿರುವ ಮುಚ್ಚಳವೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಆ ಖರ್ಚಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಸೀಕಾಕ್ ಮುಚ್ಚಿ ಶುರು ಮಾಡಿ. ಹಳೆ ಇಂಪೆಲ್ಲರ್ ಹೊರಬಂದಾಗ ಅದರ ರೆಕ್ಕೆಗಳನ್ನು ಎಣಿಸಿ. ಒಂದು ರೆಕ್ಕೆ ಕಾಣೆಯಾಗಿದ್ದರೂ ಅದನ್ನು ಹುಡುಕಲೇಬೇಕು. ಅದು ನೀರಿನ ಜೊತೆ ಮುಂದೆ ಹೋಗಿ, ಸಮುದ್ರದ ನೀರಿನಿಂದ ಕೂಲಂಟನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗೇ ಬಿಟ್ಟರೆ ಹೊಸ ಇಂಪೆಲ್ಲರ್ ಹಾಕಿದರೂ ಇಂಜಿನ್ ಬಿಸಿಯಾಗುತ್ತಲೇ ಇರುತ್ತದೆ. ಹೊಸದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಗ್ಲಿಸರಿನ್ ಸವರಿ, ಪಂಪು ತಿರುಗುವ ದಿಕ್ಕಿಗೆ ತಿರುಗಿಸುತ್ತ ಒಳಗೆ ತಳ್ಳಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಬೆಲ್ಟನ್ನು ಮತ್ತೆ ಬಿಗಿದ ಮೇಲೆ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ಬಾಗಬೇಕು. ಸೀಕಾಕ್ ತೆರೆದು ಇಂಜಿನ್ ಶುರು ಮಾಡಿ, ಕೂಡಲೇ ಹಿಂದೆ ಎಗ್ಸಾಸ್ಟಿನಿಂದ ನೀರು ಚಿಮ್ಮುತ್ತಿದೆಯೇ ನೋಡಿ.

7. ಗಾಳಿ ತೆಗೆಯುವಾಗ

ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ಉಳಿಯುತ್ತದೆ. ಟ್ಯಾಂಕಿನ ಕಡೆಯಿಂದ ಇಂಜಿನ್ ಕಡೆಗೆ ಬನ್ನಿ: ಮೊದಲ ಫಿಲ್ಟರ್, ಎರಡನೇ ಫಿಲ್ಟರಿನ ಸ್ಕ್ರೂ, ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ಇಂಜೆಕ್ಟರ್ ನಟ್ಟು. ಇಂಜೆಕ್ಷನ್ ಪಂಪಿನವರೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುವ ತನಕ ಕೈಪಂಪಿನ ಲಿವರ್ ಒತ್ತಿ. ಇಂಜೆಕ್ಟರ್ ನಟ್ಟಿನ ಕಡೆ ಮಾತ್ರ ಸ್ಟಾರ್ಟರಿನಿಂದ ಇಂಜಿನ್ ತಿರುಗಿಸಬೇಕು. ಲಿವರ್ ಸಡಿಲವಾಗಿ ಒತ್ತಿದರೂ ಡೀಸೆಲ್ ಬಾರದಿದ್ದರೆ ಪಂಪು ಕೆಟ್ಟಿದೆ ಅಂದುಕೊಳ್ಳಬೇಡಿ. ಒಳಗಿನ ಕ್ಯಾಮ್ ಪಂಪನ್ನು ಮೇಲೆ ಒತ್ತಿಹಿಡಿದಿರಬಹುದು. ಇಂಜಿನ್ನನ್ನು ಪುಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಗಾಳಿ ತೆಗೆಯುವ ಪ್ರತಿ ಸ್ಕ್ರೂಗೂ ಬಿಳಿ ಬಣ್ಣದ ಚುಕ್ಕಿ ಇಟ್ಟು, ಅದಕ್ಕೆ ಹೊಂದುವ ಪಾನಾವನ್ನು ಅಲ್ಲೇ ದಾರದಲ್ಲಿ ಕಟ್ಟಿ ಕೊಕ್ಕೆಗೆ ತೂಗುಹಾಕಿ.

ಇಲ್ಲಿ ಒಂದು ಅಪಾಯವಿದೆ, ಗಮನ ಕೊಟ್ಟು ಓದಿ. ಇಂಜಿನ್ ಹೊತ್ತಿಕೊಳ್ಳದೆ ಸ್ಟಾರ್ಟರ್ ಮಾತ್ರ ತಿರುಗುತ್ತಲೇ ಇದ್ದರೆ, ನೀರಿನ ಪಂಪು ಸಮುದ್ರದ ನೀರನ್ನು ಎಗ್ಸಾಸ್ಟಿಗೆ ತುಂಬುತ್ತಾ ಹೋಗುತ್ತದೆ. ಅದನ್ನು ಹೊರಗೆ ದೂಡುವ ಹೊಗೆಯ ಒತ್ತಡ ಇರುವುದಿಲ್ಲ. ನೀರು ಹಿಂದಕ್ಕೆ ಏರಿ ಸಿಲಿಂಡರಿಗೆ ಇಳಿದರೆ ಇಂಜಿನ್ನಿಗೇ ಕುತ್ತು. ಹಾಗಾಗಿ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸಬೇಕಾದರೆ ಸೀಕಾಕ್ ಮುಚ್ಚಿ. ಇಂಜಿನ್ ಹೊತ್ತಿದ ಕ್ಷಣವೇ ತೆರೆಯಿರಿ. ಸೀಕಾಕ್ ಕೈಗೆ ಸುಲಭವಾಗಿ ಸಿಗಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೂ ಸೇರಿಯೇ.

8. ಎಲ್ಬೋ ಮತ್ತು ಶಾಫ್ಟಿನ ಸೀಲು

ಬಿಸಿ ಹೊಗೆಗೆ ಸಮುದ್ರದ ನೀರು ಸೇರುವ ಎಲ್ಬೋ ಒಳಗೆ ಮಸಿ ಮತ್ತು ಉಪ್ಪು ಕಟ್ಟಿಕೊಳ್ಳುತ್ತದೆ. ನಿಧಾನಕ್ಕೆ ಇಂಜಿನ್ ಬಲ ಕಳೆದುಕೊಳ್ಳುತ್ತದೆ, ಕಪ್ಪು ಹೊಗೆ ಬರುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಬಿಚ್ಚಿ ಒಳಗೆ ನೋಡಿ. ಮತ್ತೆ ಹಾಕುವಾಗ ಬೋಲ್ಟಿಗೆ ಆಂಟಿ-ಸೀಜ್ ಪೇಸ್ಟು ಹಚ್ಚಿ. ಹತ್ತಿರದಲ್ಲೇ ಆಂಟಿ-ಸೈಫನ್ ವಾಲ್ವು (ಸಮುದ್ರದ ನೀರು ತಾನಾಗಿ ಹರಿದುಬರದಂತೆ ತಡೆಯುವ ವಾಲ್ವು) ಇದ್ದರೆ ಅದನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಕಟ್ಟಿ ಅದು ಕೆಲಸ ಬಿಟ್ಟರೆ, ನಿಂತ ಇಂಜಿನ್ನಿನೊಳಗೆ ಸಮುದ್ರ ತಾನಾಗಿ ಇಳಿಯಬಹುದು.

ಹಗ್ಗದಂಥ ಪ್ಯಾಕಿಂಗ್ ತುಂಬಿದ ಸೀಲಾದರೆ ಶಾಫ್ಟು ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳಬೇಕು. ಅದು ಸೋರಿಕೆ ಅಲ್ಲ, ಸೀಲು ತಣ್ಣಗಿರಲು ಬೇಕಾದ ನೀರು. ಪೂರ್ತಿ ಒಣಗುವಂತೆ ಬಿಗಿದರೆ ಶಾಫ್ಟು ಸವೆಯುತ್ತದೆ.

9. ಬೆಳಕು, ಬಣ್ಣ, ಗಾಳಿ

ಇಂಜಿನ್ ಕೆಳಗಿನ ತಳವನ್ನು ಗ್ರೀಸ್ ಹೋಗುವಂತೆ ತೊಳೆದು ಬಿಳಿ ಬಿಲ್ಜ್ ಪೇಂಟ್ ಬಳಿಯಿರಿ. ಬಿಳಿಯ ಮೇಲೆ ಆಯಿಲ್ ಕಪ್ಪಾಗಿ, ಡೀಸೆಲ್ ಮಿಂಚುತ್ತಾ, ಕೂಲಂಟ್ ಹಸಿರಾಗಿ ಕಾಣುತ್ತದೆ. ಎಲ್ಲಿಂದ ಸೋರುತ್ತಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್‌ಇಡಿ ಪಟ್ಟಿಯನ್ನು ಎರಡೂ ಬದಿಗೆ ಹಾಕಿ, ಅದಕ್ಕೆ ಫ್ಯೂಸ್ ಕೊಟ್ಟು ಸ್ವಿಚ್ಚನ್ನು ಬಾಗಿಲ ಹತ್ತಿರ ಇಡಿ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಾಡುವ ಕೆಲಸ ತಪ್ಪುತ್ತದೆ.

ಸದ್ದು ತಡೆಯುವ ಹಳೆಯ ಫೋಮ್ ಪುಡಿಯಾಗುತ್ತಿದ್ದರೆ ಕಿತ್ತೆಸೆಯಿರಿ. ಆ ಪುಡಿ ಗಾಳಿಯ ಜೊತೆ ಇಂಜಿನ್ನಿಗೆ ಹೋಗುತ್ತದೆ. ಹೊಸದನ್ನು ಬರೀ ಅಂಟಿನಿಂದ ನಿಲ್ಲಿಸಬೇಡಿ, ಸೆಕೆಗೆ ಅಂಟು ಬಿಡುತ್ತದೆ. ಸ್ಕ್ರೂ ಮತ್ತು ದೊಡ್ಡ ವಾಷರ್ ಹಾಕಿ. ಹಾಗೆಂದು ಎಲ್ಲ ಸಂದನ್ನೂ ಮುಚ್ಚಿಬಿಡಬೇಡಿ. 636 ಸಿಸಿ ಇಂಜಿನ್ 3600 ಆರ್‌ಪಿಎಂನಲ್ಲಿ ಓಡುವಾಗ ನಿಮಿಷಕ್ಕೆ ಸುಮಾರು 1100 ಲೀಟರ್ ಗಾಳಿ ಎಳೆಯುತ್ತದೆ. ಬಾಗಿಲು ಹಾಕಿದಾಗ ಇಂಜಿನ್ ವೇಗ ಕುಗ್ಗಿ, ತೆರೆದಾಗ ಏರಿದರೆ ಗಾಳಿ ಸಾಲುತ್ತಿಲ್ಲ ಅಂತಲೇ ಅರ್ಥ.

10. ಬೆಂಕಿಗೊಂದು ಕಿಂಡಿ

ಮೆಟ್ಟಿಲಿನ ಹಲಗೆ ಹೇಗೂ ಬಿಚ್ಚಿದ್ದೀರಿ. ಅದರಲ್ಲಿ ಬೆಂಕಿ ಆರಿಸುವ ಸಿಲಿಂಡರಿನ ಮೂತಿ ಹಿಡಿಯುವಷ್ಟು ದುಂಡು ತೂತು ಮಾಡಿ, ಒಳಗೆ ತಳ್ಳಿದರೆ ತೆರೆಯುವ ಮುಚ್ಚಳ ಹಾಕಿ. ಇಂಜಿನ್ ಜಾಗದಲ್ಲಿ ಬೆಂಕಿ ಬಿದ್ದರೆ ಬಾಗಿಲು ತೆರೆಯಲೇಬಾರದು, ಗಾಳಿ ಸಿಕ್ಕಿ ಉರಿ ಹೊರಗೆ ನುಗ್ಗುತ್ತದೆ. ಮೊದಲು ಇಂಜಿನ್ ನಿಲ್ಲಿಸಿ, ಇಲ್ಲವಾದರೆ ಬೆಂಕಿ ಆರಿಸುವ ಗ್ಯಾಸನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಡೀಸೆಲ್ ವಾಲ್ವು ಮುಚ್ಚಿ, ಕಿಂಡಿಯಿಂದ ಸಿಲಿಂಡರ್ ಪೂರ್ತಿ ಖಾಲಿ ಮಾಡಿ. ಈ ಕೆಲಸಕ್ಕೆ ಪುಡಿಗಿಂತ ಗ್ಯಾಸಿನ ಸಿಲಿಂಡರ್ ಒಳ್ಳೆಯದು. ಗ್ಯಾಸು ಮೂಲೆ ಮೂಲೆಗೂ ಹರಡುತ್ತದೆ, ಇಂಜಿನ್ನನ್ನೂ ಕೆಡಿಸುವುದಿಲ್ಲ. ಕೊಳ್ಳುವಾಗ ನಿಮ್ಮ ಇಂಜಿನ್ ಜಾಗದ ಅಳತೆ ಹೇಳಿ ಅದಕ್ಕೆ ತಕ್ಕದ್ದನ್ನೇ ಕೇಳಿ. ಬೆಂಕಿ ಆರಿದಂತೆ ಕಂಡರೂ ಲೋಹ ತಣ್ಣಗಾಗುವವರೆಗೆ ಬಾಗಿಲು ಮುಚ್ಚಿಯೇ ಇರಲಿ, ಯಾಕಂದರೆ ಗಾಳಿ ತಾಕಿದರೆ ಅದು ಮತ್ತೆ ಹತ್ತಿಕೊಳ್ಳಬಹುದು.